ಬೀಟಾ ಬ್ಲಾಕರ್ ಮಾತ್ರೆಗಳು ಹೃದಯದ ವಿದ್ಯುತ್ ಸಂಚಾರವನ್ನು ಹೇಗೆ ನಿಧಾನಗೊಳಿಸುತ್ತವೆ?

ಮೆಟೊಪ್ರೊಲೊಲ್, ಅಟೆನೊಲೊಲ್‌ನಂಥ ಬೀಟಾ ಬ್ಲಾಕರ್‌ಗಳು ಮುಖ್ಯವಾಗಿ ಎರಡು ಕಡೆ ಕೆಲಸ ಮಾಡುತ್ತವೆ. ಮಿಡಿತ ಹುಟ್ಟುವ ಎಸ್‌ಎ ನೋಡ್‌ನ ವೇಗವನ್ನು ತಗ್ಗಿಸುತ್ತವೆ. ಆ ಸಂಕೇತ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ದಾಟುವ ಎವಿ ನೋಡ್‌ನಲ್ಲಿ ಅದು ಇನ್ನಷ್ಟು ತಡವಾಗುವಂತೆ ಮಾಡುತ್ತವೆ.

ಕಾರಣ ಕ್ಯಾಲ್ಸಿಯಂ. ಈ ಎರಡೂ ನೋಡ್‌ಗಳ ಜೀವಕೋಶಗಳು ವಿದ್ಯುತ್ ಸಂಕೇತಕ್ಕೆ ಕ್ಯಾಲ್ಸಿಯಂ ಒಳಹರಿವನ್ನೇ ನೆಚ್ಚಿಕೊಂಡಿವೆ. ಅಡ್ರಿನಲಿನ್ ಹಾರ್ಮೋನು ಈ ಕೋಶಗಳ ಮೇಲಿರುವ ಬೀಟಾ-1 ಗ್ರಾಹಕಕ್ಕೆ (ಅದರ ಸಂದೇಶ ಸ್ವೀಕರಿಸುವ ಜಾಗಕ್ಕೆ) ಅಂಟಿದಾಗ ಆ ಒಳಹರಿವು ಹೆಚ್ಚುತ್ತದೆ. ಔಷಧ ಆ ಜಾಗವನ್ನು ಹಿಡಿದು ಕುಳಿತರೆ ಕುಗ್ಗುತ್ತದೆ. ಕೆಳಗಿನ ಕೋಣೆಗಳ ಸ್ನಾಯು ಸಂಕೇತ ಸಾಗಿಸಲು ಸೋಡಿಯಂ ಬಳಸುವುದರಿಂದ ಅಲ್ಲಿನ ವೇಗ ಅಷ್ಟಾಗಿ ಬದಲಾಗುವುದಿಲ್ಲ. ಇಸಿಜಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಸಾಮಾನ್ಯವಾಗಿ 120ರಿಂದ 200 ಮಿಲಿಸೆಕೆಂಡ್ ಇರುವ ಪಿಆರ್ ಅಂತರ (ಸಂಕೇತ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳನ್ನು ತಲುಪಲು ಹಿಡಿಯುವ ಸಮಯ) ಹಿಗ್ಗಬಹುದು, ಕೆಳಗಿನ ಕೋಣೆಗಳಲ್ಲಿ ಸಂಕೇತ ಹರಡುವುದನ್ನು ತೋರಿಸುವ ಕ್ಯೂಆರ್‌ಎಸ್ ಅಲೆಯ ಅಗಲ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಎವಿ ನೋಡ್‌ನ ಈ ತಡೆಯೇ ವರದಾನ. ಕಂಪನ ನಿಲ್ಲದಿದ್ದರೂ ನಾಡಿ ಹತೋಟಿಗೆ ಬರುತ್ತದೆ. ಆದರೆ ಎವಿ ನೋಡ್ ಮೊದಲೇ ದುರ್ಬಲವಾಗಿದ್ದರೆ, ಅಥವಾ ಜೊತೆಗೆ ಕ್ಯಾಲ್ಸಿಯಂ ಒಳಹರಿವನ್ನು ತಡೆಯುವ ವೆರಪಮಿಲ್ ಎಂಬ ಔಷಧ ಸೇವಿಸುತ್ತಿದ್ದರೆ, ಸಂಕೇತ ಪೂರ್ತಿ ಕಡಿದುಹೋಗುವ ಅಪಾಯವಿದೆ. ತಲೆಸುತ್ತು, ಅತಿ ನಿಧಾನ ನಾಡಿ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ಹಠಾತ್ತನೆ ನಿಲ್ಲಿಸಬೇಡಿ. ಎದೆನೋವು, ಹೃದಯಾಘಾತಕ್ಕೂ ಅದು ದಾರಿಯಾಗಬಹುದು.