ಊಟ ಆಯ್ತು ಅನ್ನೋ ಸುಳ್ಳು

‘ಸುಳ್ಳು ಹೇಳಿ ತಮಾಷೆಯಾಗಿ ಸಿಕ್ಕಿಬಿದ್ದ ಪ್ರಸಂಗ ಏನಾದರೂ ಇದೆಯಾ?’ ಅಂತ ಕೇಳಿದ್ದೀರಿ. ಇದೆ. ಎರಡೇ ಪದದ ಸುಳ್ಳು: ‘ಊಟ ಆಯ್ತು.’

ನಮ್ಮ ಕಡೆ ಇದನ್ನು ಸುಳ್ಳಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾರದಾದರೂ ಮನೆಗೆ ಹೋದರೆ ಅವರು ‘ಊಟ ಆಯ್ತಾ?’ ಅನ್ನಬೇಕು. ನಾವು ‘ಆಯ್ತು’ ಅನ್ನಬೇಕು. ಅವರು ನಂಬಬಾರದು, ಇನ್ನೆರಡು ಸಲ ಕರೆಯಬೇಕು. ಮೂರನೇ ಸಲಕ್ಕೆ ನಾವು ‘ಸ್ವಲ್ಪ ಹಾಕಿ, ಸಾಕು’ ಅಂತ ಕೂರಬೇಕು. ಎಲ್ಲರಿಗೂ ಗೊತ್ತಿರುವ ಆಟ.

ತಂಗಿಯ ಮದುವೆಗೆ ಲಗ್ನಪತ್ರಿಕೆ ಹಂಚಲು ಹೊರಟಿದ್ದೆ. ಜನವರಿ ತಿಂಗಳು, ಅವರೆಕಾಯಿ ಕಾಲ. ಹಾಸನದಲ್ಲಿ ಮಾವ, ಹೊಳೆನರಸೀಪುರದಲ್ಲಿ ಅತ್ತೆ, ಅರಕಲಗೂಡಿನಲ್ಲಿ ದೊಡ್ಡಮ್ಮ. ಬೈಕಿನಲ್ಲಿ ಒಂದೇ ದಿನಕ್ಕೆ ಮುಗಿಸಬೇಕು. ‘ಮನೆಮನೇಲೂ ಊಟಕ್ಕೆ ಕೂತರೆ ಕತ್ತಲಾಗುತ್ತೆ, ಆಯ್ತು ಅನ್ನು’ ಅಂತ ಅಮ್ಮನೇ ಹೇಳಿ ಕಳಿಸಿದ್ದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ವಾ, ಅದರಲ್ಲಿ ನನ್ನ ಪಾಲಿಗೆ ಮೂರು ಬಂದಿದ್ದವು.

ಮಾವನ ಮನೇಲಿ ‘ಅತ್ತೆ ಊಟಕ್ಕೆ ಕಾಯ್ತಿದ್ದಾರೆ’ ಅಂದೆ. ಅತ್ತೆ ಮನೇಲಿ ‘ಮಾವನ ಮನೇಲೇ ಆಯ್ತು’ ಅಂದೆ. ಎರಡೂ ಕಡೆ ಬರೀ ಕಾಫಿ. ಅರಕಲಗೂಡು ಮುಟ್ಟಿದಾಗ ಎರಡೂವರೆ. ಬಾಗಿಲಲ್ಲೇ ಹಿತಕಿದ ಬೇಳೆ ಸಾರಿನ ಘಮ.

‘ಊಟ ಆಯ್ತೇನೋ?’

‘ಆಯ್ತು ದೊಡ್ಡಮ್ಮ, ಅತ್ತೆ ಮನೇಲಿ.’

ಮಹಾಭಾರತದಲ್ಲಿ ಧರ್ಮರಾಯ ‘ಅಶ್ವತ್ಥಾಮ ಸತ್ತ’ ಅಂತ ಜೋರಾಗಿ ಹೇಳಿ, ‘ಆನೆ’ ಅನ್ನೋದನ್ನು ಮೆಲ್ಲಗೆ ಹೇಳಿದನಲ್ಲ, ನಾನೂ ಹಾಗೇ ‘ನಿನ್ನೆ ರಾತ್ರಿ’ ಅನ್ನೋದನ್ನು ಮನಸ್ಸಲ್ಲೇ ಸೇರಿಸಿಕೊಂಡೆ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಮಾತಿಗೆ ಕೆಳಗಿಳಿಯಿತಂತೆ. ನನ್ನ ಬೈಕು ಹಿಂದಿನ ಚಕ್ರದಲ್ಲಿ ಗಾಳಿ ಇಲ್ಲದೆ ಮೊದಲೇ ನೆಲ ಕಚ್ಚಿತ್ತು.

ಅಷ್ಟರಲ್ಲಿ ನನ್ನ ಹೊಟ್ಟೆ ಗುರ್ ಅಂತು.

ಪೊಲೀಸರ ಹತ್ತಿರ ಸುಳ್ಳು ಪತ್ತೆ ಮಾಡೋ ಪಾಲಿಗ್ರಾಫ್ ಯಂತ್ರ ಇರುತ್ತದಲ್ಲ, ಅದು ಉಸಿರು, ನಾಡಿ, ರಕ್ತದೊತ್ತಡ, ಬೆವರು ಎಲ್ಲ ಅಳೆಯುತ್ತದೆ. ಹೊಟ್ಟೆಯ ಸದ್ದು ಮಾತ್ರ ಆ ಪಟ್ಟಿಯಲ್ಲಿಲ್ಲ. ಒಪ್ಪಿಗೆ ಇಲ್ಲದೆ ಯಾರಿಗೂ ಆ ಪರೀಕ್ಷೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದೂ ನಮ್ಮ ಕರ್ನಾಟಕ ಸರ್ಕಾರದ ವಿರುದ್ಧದ ಕೇಸಿನಲ್ಲಿ. ದೊಡ್ಡಮ್ಮ ನನ್ನ ಒಪ್ಪಿಗೆ ಕೇಳಲಿಲ್ಲ.

‘ಏನ್ ಸಾರು ಮಾಡಿದ್ಲು ನಿಮ್ಮತ್ತೆ?’

ಇದಕ್ಕೆ ತಯಾರಿ ಇರಲಿಲ್ಲ. ‘ನುಗ್ಗೇಕಾಯಿ’ ಅಂದುಬಿಟ್ಟೆ.

‘ಅವರೆಕಾಯಿ ಕಾಲದಲ್ಲಿ ನುಗ್ಗೇಕಾಯಿ ಸಾರು ಮಾಡೋಕೆ ಅವಳಿಗೇನು ತಲೆ ಕೆಟ್ಟಿದೆಯಾ?’ ಅನ್ನುತ್ತಲೇ ಫೋನು ಎತ್ತಿಕೊಂಡರು. ಸ್ಪೀಕರ್ ಹಾಕಿದರು. ಅತ್ತೆ, ‘ಅಯ್ಯೋ, ಕಾಫಿ ಬಿಟ್ಟು ಏನೂ ಮುಟ್ಟಲಿಲ್ಲ. ಹಾಸನದಲ್ಲೇ ಆಯ್ತು ಅಂದ’ ಅಂದರು. ಮುಂದಿನ ಫೋನು ಹಾಸನಕ್ಕೆ. ಮಾವ, ‘ಇಲ್ಲೆಲ್ಲಿ? ಹೊಳೆನರಸೀಪುರದಲ್ಲಿ ಕಾಯ್ತಿದ್ದಾರೆ ಅಂತ ಓಡಿದ್ನಲ್ಲ’ ಅಂದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡುತ್ತಾ ನಿಂತಿದ್ದೆ.

ತಟ್ಟೆ ಬಂತು. ಎರಡು ಮುದ್ದೆ ಬಿಸಿಬಿಸಿಯಾಗಿ ಇಳಿದವು. ಮೂರನೆಯದು ಬಂದಾಗ ‘ಸಾಕು ದೊಡ್ಡಮ್ಮ, ನಿಜವಾಗ್ಲೂ ಹೊಟ್ಟೆ ತುಂಬಿದೆ’ ಅಂದೆ. ಇಡೀ ದಿನದಲ್ಲಿ ಊಟದ ವಿಷಯಕ್ಕೆ ನಾನು ಹೇಳಿದ ಒಂದೇ ನಿಜ ಅದು.

‘ಸುಮ್ನೆ ತಿನ್ನು, ಸುಳ್ಳಾ’ ಅಂತ ಹಾಕಿಯೇಬಿಟ್ಟರು.

ಮದುವೆ ದಿನ ಓಡಾಡಿ ಸುಸ್ತಾಗಿ, ಮೂರು ಗಂಟೆಗೆ ಕೊನೇ ಪಂಕ್ತಿಯಲ್ಲಿ ಎಲೆ ಮುಂದೆ ಕೂತೆ. ಬಡಿಸುವವನು ಅನ್ನದ ಬಕೆಟ್ ಹಿಡಿದು ಹತ್ತಿರ ಬರುವಾಗ ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿತು: ‘ಅವನಿಗೆ ಬೇಡಪ್ಪ, ಮುಂದಕ್ಕೆ ಹೋಗು. ಅತ್ತೆ ಮನೇಲಿ ಆಗಿದೆಯಂತೆ.’