ಮೂತಿ ಕಪ್ಪಾದ ಕಯಾಕ್

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಮೆರೈನ್ ಪ್ಲೈವುಡ್‌ನಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಮಾಡಿಸಿ, ಮೇಲೆ ಫೈಬರ್ ಗ್ಲಾಸ್ ಬಟ್ಟೆ, ಎಪಾಕ್ಸಿ (ಗಟ್ಟಿಯಾಗುವ ಅಂಟು ರಾಳ) ಹಾಕಿಸಿದ್ದೇನೆ. ಬೇಸಿಗೆಯಲ್ಲಿ ಗೊರೂರಿನ ಹಿನ್ನೀರಿಗೆ ಒಯ್ಯುತ್ತೇವೆ. ಮಳೆಗಾಲ ಪೂರ್ತಿ ಟಾರ್ಪಾಲಿನ್ ಸುತ್ತಿ ಶೆಡ್ಡಿನಲ್ಲಿಟ್ಟಿದ್ದೆ. ಈಗ ಬಿಚ್ಚಿದರೆ ಮೂತಿಯ ಹತ್ತಿರ ಮರ ಕಪ್ಪಾಗಿದೆ, ಒಳಗೆ ಮುಗ್ಗಲು ವಾಸನೆ. ನೀರಿಗೇ ಇಳಿಸದಿದ್ದಾಗ ಹೀಗೇಕೆ?

ಉತ್ತರ: ಟಾರ್ಪಾಲಿನ್ ಸುತ್ತಿದ್ದೇ ತಪ್ಪಾಗಿದೆ. ಹಸಿ ಪಾರ್ಚ್‌ಮೆಂಟ್ ಕಾಫಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತೀರಾ? ಇಲ್ಲ ಅಲ್ವಾ? ರಾತ್ರಿ ತಂಪಾದಾಗ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿ ಕಟ್ಟುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಮರದ ತೇವ ಶೇ. 20 ದಾಟಿದರೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ನಮ್ಮ ಆಷಾಢದ ಗಾಳಿಯೊಂದೇ ಬರಿ ಮರವನ್ನು ಅದರ ಹತ್ತಿರಕ್ಕೆ ತಂದಿಡುತ್ತದೆ.

ಎಪಾಕ್ಸಿ ಇದ್ದರೂ ತೇವ ಹೊಕ್ಕಿದ್ದು ಹೇಗೆ? ಮೂತಿಯಲ್ಲಿ ಹಿಡಿಕೆಗೆ ಹಾಕಿದ ಸ್ಕ್ರೂ ಬಿಚ್ಚಿ ನೋಡಿ. ತೂತಿನ ಒಳಗೆ ಬರಿ ಮರ ಕಂಡರೆ ಕಳ್ಳ ಸಿಕ್ಕ ಹಾಗೆ. ದಡದ ಕಲ್ಲಿನ ಮೇಲೆ ಎಳೆದಾಗ ಆದ ಗೀರೂ ಸಾಕು. ಅಡ್ಡಕ್ಕಿಂತ ನಾರಿನ ಉದ್ದಕ್ಕೆ ನೀರು ಬಹಳ ಬೇಗ ಓಡುತ್ತದೆ. ಒಳಹೊಕ್ಕ ಮೇಲೆ ಅದೇ ಎಪಾಕ್ಸಿ ಅದನ್ನು ಆರಲು ಬಿಡುವುದಿಲ್ಲ. ಅರ್ಧಂಬರ್ಧ ಬಳಿದ ದೋಣಿಗಿಂತ ಏನೂ ಬಳಿಯದ ದೋಣಿಯೇ ವಾಸಿ ಅನ್ನುವವನು ನಾನು. 'ಮೆರೈನ್' ಅಂತ ನೆಮ್ಮದಿಯಾಗಿರಬೇಡಿ. ಐಎಸ್ 710 (ಮೆರೈನ್ ಪ್ಲೈವುಡ್ಡಿನ ಭಾರತೀಯ ಮಾನದಂಡ) ಗುರುತಿನ ಪ್ಲೈವುಡ್ಡನ್ನು 72 ಗಂಟೆ ಕುದಿಸಿ ನೋಡುವುದು ಅಂಟು ಬಿಡುತ್ತದೆಯೇ ಅಂತ. ಮರ ನೀರು ಕುಡಿಯುವುದಿಲ್ಲ ಅಂತ ಯಾರೂ ಹೇಳಿಲ್ಲ.

ಈಗ ಕಪ್ಪಾದ ಕಡೆ ದಬ್ಬಳದಿಂದ ಚುಚ್ಚಿ. ಗಟ್ಟಿಯಾಗಿದ್ದರೆ ಬರೀ ಕಲೆ. ಮೆತ್ತಗೆ ಇಳಿದರೆ ಅಷ್ಟು ಭಾಗ ಕತ್ತರಿಸಿ ಹೊಸ ತುಂಡು ಕೂರಿಸಲೇಬೇಕು. ಎರಡರಲ್ಲೂ ಸುತ್ತಲಿನ ಗ್ಲಾಸ್ ಬಟ್ಟೆಯನ್ನು ಹೀಟ್ ಗನ್‌ನಲ್ಲಿ ಮೆದು ಮಾಡಿ ಕಿತ್ತು, ಮರವನ್ನು ಗಾಳಿಗೆ ಬಿಡಿ. ಆತುರ ಬೇಡ, ಫೆಬ್ರವರಿವರೆಗೂ ಇರಲಿ. ಕಾಫಿ ಬೀಜದ ಮಾಯಿಶ್ಚರ್ ಮೀಟರ್ ಇಲ್ಲಿ ನಡೆಯಲ್ಲ, ಎರಡು ಮುಳ್ಳಿನ ಮರದ ಮೀಟರ್ ಬೇಕು. ಶೇ. 12ರ ಆಸುಪಾಸಿಗೆ ಬಂದ ಮೇಲೆ ಎಪಾಕ್ಸಿ ಹಚ್ಚಿ, ಅದೂ ಸಂಜೆ ಹೊತ್ತು. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ, ಒಂದೊಂದು ಗುಳ್ಳೆಯೂ ಒಂದೊಂದು ತೂತು. ಬಡಗಿಗೆ ಬೆಳಿಗ್ಗೆಯೇ ಮುಗಿಸಿ ಹೊರಡುವ ಆಸೆ, ನೀವು ಒಪ್ಪಬೇಡಿ. ಸ್ಕ್ರೂ ತೂತನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೇ ಹೊಸ ತೂತು ಕೊರೆಸಿ. ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ, ಮೇಲೆ ಯುವಿ ತಡೆಯುವ ವಾರ್ನಿಷ್ ಬೇಕು.

ಮುಂದಿನ ಮಳೆಗಾಲಕ್ಕೆ ಹ್ಯಾಚ್ (ಸಾಮಾನು ಇಡುವ ಕಿಂಡಿ) ಮುಚ್ಚಳ ತೆಗೆದು, ಅಗಲವಾದ ಎರಡು ಪಟ್ಟಿಗಳ ಮೇಲೆ ಬೋರಲು ತೂಗುಹಾಕಿ. ಒದ್ದೆ ಲೈಫ್ ಜಾಕೆಟ್ ಒಳಗೆ ತುರುಕಬೇಡಿ.

ಪ್ರಶ್ನೆ: ತೋಟದಲ್ಲಿ ಉರುಳಿದ ಸಿಲ್ವರ್ ಓಕ್‌ನಿಂದ ಕಯಾಕ್ ಮಾಡಬಹುದೇ? (ಮೂಡಿಗೆರೆ)

ಉತ್ತರ: ಸೀಳಲು ಸುಲಭ, ಆದರೆ ಹಸಿಯಲ್ಲಿ ಬಾಳುವ ಮರವಲ್ಲ. ಹುಟ್ಟು ಮಾಡಿಕೊಳ್ಳಿ. ಮುರಿದರೆ ಇನ್ನೊಂದು ಮಾಡಿದರಾಯಿತು.