ಹಳೆ ಬಂದರು ಇದ್ದರೂ ಪಣಂಬೂರು ಯಾಕೆ?

ಮಂಗಳೂರಲ್ಲಿ ಹಳೆ ಬಂದರು ಇದ್ದಾಗ ಸರ್ಕಾರ ನಗರದ ಉತ್ತರಕ್ಕಿರುವ ಪಣಂಬೂರಲ್ಲಿ ಇನ್ನೊಂದು ಯಾಕೆ ಕಟ್ಟಿತು, ಕೊಡಗಿನ ಕಾಫಿ ಯಾವುದರಿಂದ ಹೋಗುತ್ತದೆ ಅಂತ ಕೇಳಿದ್ದೀರಿ.

ಕಾರಣ ಆಳ. ಹಳೆ ಬಂದರು ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿದೆ. ಅಲ್ಲಿ ಮರಳು ತುಂಬುತ್ತಲೇ ಇರುತ್ತದೆ, ದೊಡ್ಡ ಹಡಗು ಹೊರಗೆ ಕಡಲಲ್ಲೇ ನಿಲ್ಲಬೇಕಿತ್ತು, ಸರಕನ್ನು ದೋಣಿಯಲ್ಲಿ ಸಾಗಿಸಬೇಕಿತ್ತು, ಮಳೆಗಾಲದಲ್ಲಿ ಅದೂ ಕಷ್ಟ. ಪಣಂಬೂರಲ್ಲಿ ದಡದ ಒಳಗೇ ನೆಲ ಅಗೆದು ದೊಡ್ಡ ಕೆರೆ ತರ ಮಾಡಿದರು, ಬಾಯಿಯ ಎರಡೂ ಕಡೆ ಕಲ್ಲಿನ ಅಲೆತಡೆ ಹಾಕಿದರು. ಹಾಗಾಗಿ ವರ್ಷವಿಡೀ ಹಡಗು ಬರುತ್ತದೆ. 1974ರಲ್ಲಿ ಪ್ರಮುಖ ಬಂದರು ಅಂತ ಘೋಷಣೆ, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಈಗಲೂ ಕೇಂದ್ರ ಸರ್ಕಾರದ್ದೇ. ಆದರೆ ಒಮ್ಮೆ ಅಗೆದರೆ ಮುಗಿಯಲ್ಲ, ಮಳೆಗಾಲ ಕಳೆದ ಮೇಲೆ ಹೂಳೆತ್ತುತ್ತಲೇ ಇರಬೇಕು, ಇದು ಜಾಸ್ತಿ ಜನರಿಗೆ ಗೊತ್ತಿಲ್ಲ.

ಕಾಫಿ ಹೋಗುವುದು ಪಣಂಬೂರಿಂದ. ನಾನು ಕೊಡಗಿನ ಸುಂಟಿಕೊಪ್ಪದವನು, ಕಂಟೇನರ್ ತುಂಬುವುದನ್ನು ಹತ್ತಿರದಿಂದ ನೋಡಿದ್ದೇನೆ. ಒಳಗೋಡೆಗೆ ಕಂದು ಕಾಗದ ಹೊದಿಸಿ, ತೇವ ಹೀರುವ ಚೀಲ ನೇತುಹಾಕುತ್ತಾರೆ, ಇಲ್ಲದಿದ್ದರೆ ಕಡಲ ಮೇಲೆ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ನನಗೆ ಬಂದರಿಗಿಂತ ಘಾಟಿಯದ್ದೇ ಚಿಂತೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು, ಕೊಡಗಿಂದ ಮಂಗಳೂರಿನ ಕಡೆ ಇಳಿಯುವ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತಲ್ವಾ, ಅಂಥ ಸಮಯದಲ್ಲಿ ಲಾರಿಗಳು ಸುತ್ತಿ ಬಳಸಿ ಹೋಗಬೇಕು. ನೀವು ಸರಕು ಕಳಿಸುವವರಾದರೆ ಜೂನ್‌ಗೆ ಮೊದಲೇ ಕೆಳಗಿಳಿಸಿ.